ಮರುಬಳಕೆ ಮರಳು ಹೀರುವ ನೀರಿನ ಲೆಕ್ಕ

ದಾಬಸ್‌ಪೇಟೆಯ ಬಳಿ ಕಾಂಪೌಂಡ್ ಕಂಬ, ಚರಂಡಿ ಚಪ್ಪಡಿಗಳನ್ನು ಎರಕ ಹೊಯ್ಯುವ ಸಣ್ಣ ಪ್ರಿಕಾಸ್ಟ್ ಯಾರ್ಡೊಂದರಲ್ಲಿ ಗುಣಮಟ್ಟದ ಉಸ್ತುವಾರಿ ನನ್ನದು. ಅಂಚು ಮುರಿದ, ಬಿರುಕು ಬಿಟ್ಟ, ಅಳತೆ ತಪ್ಪಿದ ತುಂಡುಗಳು ಬೇಲಿಯ ಪಕ್ಕದಲ್ಲಿ ರಾಶಿ ಬೀಳುತ್ತಲೇ ಇದ್ದವು. ಅವನ್ನು ಹೊರಗೆ ಸಾಗಿಸಲು ಒಂದು ಲಾರಿಗೆ ಬಾಡಿಗೆ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ತರಿಸಲು ಇನ್ನೊಂದು ಲಾರಿಗೆ ಬಾಡಿಗೆ. ಅದೇ ತುಂಡುಗಳನ್ನು ಪುಡಿಮಾಡಿ, 4.75 ಮಿ.ಮೀ. ಜರಡಿಯಿಂದ ಇಳಿದದ್ದನ್ನು ಮರಳಿನ ಒಂದು ಪಾಲಾಗಿ ಬಳಸೋಣ ಎಂದು ನಾನು ಮಾಲೀಕರನ್ನು ಒಪ್ಪಿಸಿದೆ. ಒಪ್ಪಿಸುವುದು ಸುಲಭವಾಗಿತ್ತು.

ನಮ್ಮ ಕಂಬಗಳಿಗೆ ಹೊಯ್ಯುವುದು ತಾನಾಗಿ ಅಡಕಗೊಳ್ಳುವ ಕಾಂಕ್ರೀಟ್, ಅಂದರೆ ಎಸ್‌ಸಿಸಿ. ನಾಲ್ಕು ಸರಳು ಮತ್ತು ಒತ್ತೊತ್ತಾದ ರಿಂಗುಗಳಿರುವ ಕಿರಿದಾದ ಅಚ್ಚಿನೊಳಗೆ ವೈಬ್ರೇಟರ್ ಸೂಜಿ ಇಳಿಯುವುದಿಲ್ಲ. 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಒಕಾಮುರಾ ಮತ್ತು ಅವರ ಸಹೋದ್ಯೋಗಿಗಳು ಈ ಕಾಂಕ್ರೀಟನ್ನು ರೂಪಿಸಿದ್ದು ಕಾಂಕ್ರೀಟನ್ನು ಸರಿಯಾಗಿ ಅಡಕ ಮಾಡಬಲ್ಲ ಕುಶಲ ಕೆಲಸಗಾರರು ಕಡಿಮೆಯಾಗುತ್ತಿದ್ದ ಕಾರಣಕ್ಕೆ. ನಮ್ಮ ಯಾರ್ಡಿನ ಪರಿಸ್ಥಿತಿಯೂ ಅದಕ್ಕಿಂತ ಬೇರೆಯಲ್ಲ.

ಕಾಂಕ್ರೀಟಿನ ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ ಐಎಸ್ 383ರ 2016ರ ಪರಿಷ್ಕರಣೆಯು ಹಳೆಯ ಕಾಂಕ್ರೀಟಿನಿಂದ ತೆಗೆದ ಮರಳನ್ನು ಎಂ25 (28 ದಿನಗಳಿಗೆ 25 ಮೆಗಾಪಾಸ್ಕಲ್ ಒತ್ತಡ ತಾಳುವ) ದರ್ಜೆಯವರೆಗಿನ ಸರಳು ಕಟ್ಟಿದ ಕಾಂಕ್ರೀಟಿನಲ್ಲಿ ಮರಳಿನ ಶೇ 20ರವರೆಗೆ ಬಳಸಲು ಅವಕಾಶ ಕೊಡುತ್ತದೆ. ನಮ್ಮದು ಎಂ25 ಆದ್ದರಿಂದ ಆ ಗೆರೆಯನ್ನು ದಾಟದಿರಲು ಮೊದಲೇ ನಿರ್ಧರಿಸಿದೆ. ಒಂದು ಘನ ಮೀಟರಿಗೆ ಸಿಮೆಂಟ್ 340 ಕೆ.ಜಿ., ಹಾರುಬೂದಿ 160 ಕೆ.ಜಿ., ನೀರು 185 ಲೀಟರ್, 12 ಮಿ.ಮೀ. ಜಲ್ಲಿ 750 ಕೆ.ಜಿ., ಎಂ-ಸ್ಯಾಂಡ್ 672 ಕೆ.ಜಿ., ಮರುಬಳಕೆ ಮರಳು 168 ಕೆ.ಜಿ. ಎಂದು ಹಿಡಿದು, ಕಾಂಕ್ರೀಟನ್ನು ಹರಿಯುವಂತೆ ಮಾಡುವ ಪಾಲಿಕಾರ್ಬಾಕ್ಸಿಲೇಟ್ ಜಾತಿಯ ಅಡ್ಮಿಕ್ಸ್ಚರ್ ಸೇರಿಸಿ ಪ್ರಯೋಗಕ್ಕೆ ಇಳಿದೆವು.

ಮೊದಲ ಬ್ಯಾಚ್ ಮಿಕ್ಸರಿನಿಂದ ಇಳಿದಾಗ ಹರಿವು, ಅಂದರೆ ತಟ್ಟೆಯ ಮೇಲೆ ಕಾಂಕ್ರೀಟ್ ತಾನಾಗಿ ಹರಡಿಕೊಂಡ ವೃತ್ತದ ವ್ಯಾಸ, 690 ಮಿ.ಮೀ. ಬಂತು. ಎಲ್ಲರೂ ಖುಷಿಪಟ್ಟೆವು. ಅರ್ಧ ಗಂಟೆಯ ಬಳಿಕ ಅದೇ ಕಾಂಕ್ರೀಟ್ 560ಕ್ಕೆ ಕುಸಿದು, ಕಂಬದ ಅಚ್ಚಿನ ನಡುವೆಯೇ ನಿಂತುಬಿಟ್ಟಿತು. ಮರುದಿನ ಹತ್ತು ಲೀಟರ್ ನೀರು ಹೆಚ್ಚಿಸಿದೆ; ಆಗ ತಟ್ಟೆಯ ಮೇಲೆ ಹರಡಿದ ವೃತ್ತದ ಸುತ್ತ ನೀರಿನ ಅಂಚು ಕಾಣಿಸಿಕೊಂಡು, ಜಲ್ಲಿ ನಡುವೆ ಗುಪ್ಪೆಯಾಗಿ ಉಳಿಯಿತು. ಕಡಿಮೆ ಕೊಟ್ಟರೆ ಸಾಯುತ್ತದೆ, ಹೆಚ್ಚು ಕೊಟ್ಟರೆ ಒಡೆಯುತ್ತದೆ. ಈ ಎರಡರ ನಡುವೆ ಒಂದು ವಾರ ಕಳೆದೆ. ತಪ್ಪು ಮಿಶ್ರಣದ ಪ್ರಮಾಣದಲ್ಲಿದೆ ಎಂದು ನಂಬಿಕೊಂಡು ಅಡ್ಮಿಕ್ಸ್ಚರ್ ಬದಲಿಸಿದ್ದು ಆ ವಾರದ ನನ್ನ ದೊಡ್ಡ ದಡ್ಡತನ.

ತಪ್ಪು ಇದ್ದದ್ದು ಮರಳಿನ ಹೀರುವಿಕೆಯ ಅಂಕಿಯಲ್ಲಿ, ಅಂದರೆ ಒಣ ಮರಳು ತನ್ನ ತೂಕದ ಶೇಕಡಾ ಎಷ್ಟು ನೀರನ್ನು ಒಳಗೆಳೆದುಕೊಳ್ಳುತ್ತದೆ ಎಂಬುದರಲ್ಲಿ. ಪುಡಿಮಾಡಿದ ಕಾಂಕ್ರೀಟಿನ ಪ್ರತಿ ಕಣಕ್ಕೂ ಹಳೆಯ ಸಿಮೆಂಟ್ ಗಾರೆ ಅಂಟಿಕೊಂಡಿರುತ್ತದೆ, ಆ ಗಾರೆಯಲ್ಲಿ ತುಂಬ ರಂಧ್ರಗಳಿರುತ್ತವೆ. ಹೀರುವಿಕೆಯನ್ನು ಅಳೆಯಲು ನಾನು ನೆಚ್ಚಿಕೊಂಡದ್ದು ಲೋಹದ ಶಂಕುವಿನ ಪರೀಕ್ಷೆಯನ್ನು: ಮೇಲ್ಮೈ ಒಣಗಿದ ಮರಳು ಶಂಕುವನ್ನು ಎತ್ತಿದ ಕೂಡಲೇ ಜಾರಬೇಕು. ಆದರೆ ಕೋನಾಕಾರದ, ನುಣ್ಣನೆಯ ಪುಡಿ ತುಂಬಿದ ಈ ಮರಳು ಒಳಗಿನ ರಂಧ್ರಗಳ ನೀರೂ ಆರಿಹೋಗುವವರೆಗೆ ಜಾರದೆ ನಿಂತೇ ಇರುತ್ತದೆ. ಹಾಗಾಗಿ ನನಗೆ ಸಿಕ್ಕಿದ ಅಂಕಿ ಶೇ 4. ಅದು ನಿಜಕ್ಕಿಂತ ಬಹಳ ಕಡಿಮೆ. ಆಮೇಲೆ ಓವನ್ನಿನಲ್ಲಿ ಒಣಗಿಸಿದ ಮರಳನ್ನು ಪಿಕ್ನೋಮೀಟರ್ ಎಂಬ ನಿಖರ ಗಾತ್ರದ ಜಾಡಿಗೆ ಹಾಕಿ, ನೀರು ತುಂಬಿಸಿ, ಗಾಳಿಗುಳ್ಳೆ ಹೋಗುವಂತೆ ಅಲ್ಲಾಡಿಸಿ, ಮರಳು ನೀರು ಹೀರಿದಂತೆ ಇಳಿಯುವ ಮಟ್ಟವನ್ನು ಮತ್ತೆ ಮತ್ತೆ ತುಂಬಿ ತೂಗುತ್ತ ಹೋದೆ. ಒಂದು ದಿನಕ್ಕೆ ಶೇ 7.5 ಹೀರಿತ್ತು, ಅದರಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯೊಳಗೇ. 168 ಕೆ.ಜಿ.ಗೆ ಇದು ಸುಮಾರು 12.6 ಲೀಟರ್, ಆದರೆ ನಾನು ಲೆಕ್ಕ ಹಾಕಿದ್ದು 6.7 ಲೀಟರಿಗೆ ಮಾತ್ರ. ಉಳಿದ ಆರು ಲೀಟರನ್ನು ಮರಳು ಕಾಂಕ್ರೀಟಿನಿಂದಲೇ ಕುಡಿದುಕೊಳ್ಳುತ್ತಿತ್ತು. ಮಾಮೂಲಿ ಕಾಂಕ್ರೀಟಿನಲ್ಲಿ ಇಷ್ಟು ವ್ಯತ್ಯಾಸವನ್ನು ವೈಬ್ರೇಟರ್ ಮುಚ್ಚಿಹಾಕುತ್ತದೆ. ಎಸ್‌ಸಿಸಿಯಲ್ಲಿ ಮುಚ್ಚಿಹಾಕಲು ಯಾರೂ ಇಲ್ಲ.

ಇಷ್ಟು ತಿಳಿದ ಮೇಲೂ ಮಿಕ್ಸರಿಗೆ ಆ ನೀರನ್ನು ಒಮ್ಮೆಗೇ ಸುರಿಯುವುದು ಸರಿಯಲ್ಲ, ಏಕೆಂದರೆ ಮರಳು ಕುಡಿಯುವಷ್ಟರಲ್ಲಿ ಅದು ಸಿಮೆಂಟ್ ಪೇಸ್ಟನ್ನು ತೆಳುವಾಗಿಸಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಮರುಬಳಕೆ ಮರಳಿಗೆ ನೀರು ಚಿಮುಕಿಸಿ, ಮಗುಚಿ, ಒದ್ದೆ ಗೋಣಿಚೀಲ ಹೊದಿಸಿ, ಅದರ ಮೇಲೆ ಟಾರ್ಪಾಲಿನ್ ಹಾಕಿಡುತ್ತೇವೆ. ಬೆಳಿಗ್ಗೆ ರಾಶಿಯ ಮೂರು ಕಡೆಯಿಂದ ಮಾದರಿ ತೆಗೆದು ಬಾಣಲೆಯಲ್ಲಿ ಹುರಿದು ತೇವಾಂಶ ನೋಡಿ, ಹೀರುವಿಕೆಗಿಂತ ಹೆಚ್ಚಿರುವ ನೀರನ್ನು ಬ್ಯಾಚಿನಿಂದ ಕಳೆಯುತ್ತೇನೆ. ಮರಳು ಹುರಿಯುವ ಮೇಷ್ಟ್ರು ಎಂದು ಹುಡುಗರು ಹಿಂದಿನಿಂದ ನಗುವುದು ನನಗೆ ಗೊತ್ತಿದೆ.

ನುಣ್ಣನೆಯ ಪುಡಿ ಎರಡನೆಯ ತೊಡಕು. ಎಸ್‌ಸಿಸಿಯಲ್ಲಿ 125 ಮೈಕ್ರಾನಿಗಿಂತ ಸಣ್ಣದೆಲ್ಲವನ್ನೂ ಸಿಮೆಂಟ್, ಹಾರುಬೂದಿಯ ಜೊತೆಗೆ ಪುಡಿಯ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಕ್ರಷರ್ ಅದನ್ನು ಧಾರಾಳವಾಗಿ ಕೊಡುತ್ತಿತ್ತು, ಮತ್ತು ಆ ಪುಡಿ ನೀರನ್ನಷ್ಟೇ ಅಲ್ಲ, ಅಡ್ಮಿಕ್ಸ್ಚರನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ತೊಳೆಯುವ ತೊಟ್ಟಿ ಕಟ್ಟುವ ಖರ್ಚಿಗಿಂತ, ಒಣ ಜರಡಿಯಲ್ಲಿ ಒಂದಷ್ಟು ಪುಡಿ ತೆಗೆದು, ಉಳಿದದ್ದಕ್ಕೆ ತಕ್ಕಂತೆ ಹಾರುಬೂದಿ ಕಡಿಮೆ ಮಾಡುವುದೇ ವಾಸಿಯೆನಿಸಿತು.

ಇದೆಲ್ಲ ಹದಕ್ಕೆ ಬಂದ ಮೇಲೆ ಹರಿವು ಮೊದಲಿಗೆ 680, ಮುಕ್ಕಾಲು ಗಂಟೆಗೆ 640. ಕಿರಿದಾದ ಆಲಿಕೆಯಿಂದ ಇಳಿಯುವ ವಿ-ಫನಲ್ ಪರೀಕ್ಷೆಯಲ್ಲಿ 11 ಸೆಕೆಂಡ್, ಸರಳುಗಳ ನಡುವೆ ಹಾದುಹೋಗುವುದನ್ನು ನೋಡುವ ಎಲ್-ಬಾಕ್ಸ್ ಪರೀಕ್ಷೆಯಲ್ಲಿ ಅನುಪಾತ 0.86. 28 ದಿನಗಳ ಪರೀಕ್ಷಾ ಕ್ಯೂಬುಗಳು ತಾಳಿದ ಒತ್ತಡದ ಸರಾಸರಿ 34 ಮೆಗಾಪಾಸ್ಕಲ್. ಬರೀ ಎಂ-ಸ್ಯಾಂಡಿನದು 36 ಇತ್ತು. ಕುತೂಹಲಕ್ಕೆಂದು ಶೇ 40 ಹಾಕಿ ಒಂದೆರಡು ತುಂಡು ಎರಕ ಹೊಯ್ದು ನೋಡಿದೆ. ಹರಿವನ್ನು ಅಡ್ಮಿಕ್ಸ್ಚರಿನಿಂದ ತಂದುಕೊಂಡರೂ, ಒಣಗಿದಾಗ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳು ಎದ್ದವು. ಅವೂ ಬೇಲಿಯ ಪಕ್ಕದ ರಾಶಿ ಸೇರಿದವು.

ಹೊರಗಿನ ಕಟ್ಟಡ ಕೆಡವಿದ ತ್ಯಾಜ್ಯದ ಮರಳನ್ನೂ ಒಮ್ಮೆ ಅಗ್ಗಕ್ಕೆ ತರಿಸಿದ್ದೆವು. ಬಕೆಟ್ಟಿನಲ್ಲಿ ನೆನೆಸಿದಾಗ ನೀರು ಇಟ್ಟಿಗೆಯ ಕೆಂಪಿಗೆ ತಿರುಗಿತು, ಪಿಒಪಿಯ, ಅಂದರೆ ಜಿಪ್ಸಮ್ ಪ್ಲಾಸ್ಟರಿನ, ಬಿಳಿ ಚೂರುಗಳೂ ಸಿಕ್ಕವು. ಜಿಪ್ಸಮ್ಮಿನ ಸಲ್ಫೇಟನ್ನು ಸರಳಿರುವ ಕಂಬಕ್ಕೆ ಸೇರಿಸಲು ಮನಸ್ಸಾಗದೆ ಲೋಡನ್ನು ಹಿಂದಕ್ಕೆ ಕಳಿಸಿದೆ. ನಮ್ಮದೇ ತುಂಡುಗಳಾದರೆ ಅವುಗಳ ಹುಟ್ಟು ನಮಗೆ ಗೊತ್ತು. ಅವು ಮುಗಿದ ವಾರ ಬರೀ ಎಂ-ಸ್ಯಾಂಡಿನಲ್ಲೇ ಕೆಲಸ ನಡೆಯುತ್ತದೆ. ಅದಕ್ಕಾಗಿ ಮಿಕ್ಸರಿನ ಪಕ್ಕದ ಗೋಡೆಯ ಮೇಲೆ ಎರಡು ಮಿಶ್ರಣಪಟ್ಟಿಗಳನ್ನು ತೂಗುಹಾಕಿದ್ದೇವೆ.