ವಾರದ ಲೆಕ್ಕ ಬಿಟ್ಟು ತಿಂಗಳ ಲೆಕ್ಕ: ತುಮಕೂರಿನಿಂದ ಆಫೀಸಿಗೆ ಹೋಗುವ ನನ್ನ ಅನುಭವ

ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅಂತ ನಮ್ಮ ಕಂಪನಿಯ ಮೇಲ್ ಬಂದದ್ದು 2024ರ ಮಳೆಗಾಲದಲ್ಲಿ. ಯಾರಿಗೂ ಆಶ್ಚರ್ಯ ಆಗಲಿಲ್ಲ. ಹಿಂದಿನ ವರ್ಷದ ಕೊನೆಯಲ್ಲೇ ಟಿಸಿಎಸ್ ವಾರಕ್ಕೆ 5 ದಿನ, ವಿಪ್ರೊ 3 ದಿನ, ಇನ್ಫೊಸಿಸ್ ತಿಂಗಳಿಗೆ 10 ದಿನ ಅಂತ ಹೇಳಿಯಾಗಿತ್ತು. ಇದೇ ಟಿಸಿಎಸ್ 2020ರಲ್ಲಿ, 2025ರ ಹೊತ್ತಿಗೆ ನೂರಕ್ಕೆ 25 ಜನ ಆಫೀಸಿನಲ್ಲಿದ್ದರೆ ಸಾಕು ಎಂದಿತ್ತು. 2021ರ ಆಗಸ್ಟ್‌ನಲ್ಲಂತೂ ನಮ್ಮ ಸರ್ಕಾರವೇ ಹೊರವರ್ತುಲ ರಸ್ತೆಯ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕೆಲಸ ನಡೆಯುತ್ತಿದೆ, 2022ರ ಡಿಸೆಂಬರ್‌ವರೆಗೆ ಮನೆಯಿಂದಲೇ ಕೆಲಸ ಮಾಡಿಸಿ ಅಂತ. ಹೀಗೆ ಎಲ್ಲರೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮಾತಾಡಿದ್ದಾರೆ. ನಮ್ಮ ಕಂಪನಿಯ ಸರದಿ ತಡವಾಗಿ ಬಂತು, ಅಷ್ಟೆ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮಿನ ಲೀಡ್. ಮನೆ ತುಮಕೂರಿನ ಎಸ್.ಎಸ್. ಪುರಂನಲ್ಲಿ. ಆಫೀಸು ನಾಗವಾರದ ಹತ್ತಿರ ಒಂದು ಟೆಕ್ ಪಾರ್ಕಿನಲ್ಲಿ. ಬೆಂಗಳೂರು ಇಲ್ಲಿಂದ 70 ಕಿ.ಮೀ. ಅಂತಾರೆ. ಅದರಲ್ಲಿ ನೆಲಮಂಗಲದವರೆಗಿನ ದಾರಿ ಲೆಕ್ಕಕ್ಕೇ ಇಲ್ಲ. ಕಷ್ಟ ಶುರುವಾಗುವುದು ಆಮೇಲೆ. ಪೀಣ್ಯ ಮೇಲ್ಸೇತುವೆ 2021ರ ಡಿಸೆಂಬರ್‌ನಲ್ಲಿ ಮುಚ್ಚಿತು. ಕಾರು, ಬೈಕಿಗೆ 2022ರ ಫೆಬ್ರವರಿಯಲ್ಲಿ ಬಿಟ್ಟರು. ಬಸ್ಸು, ಲಾರಿ ಮತ್ತೆ ಹತ್ತಿದ್ದು 2024ರ ಜುಲೈ ಕೊನೆಗೆ. ಅಲ್ಲಿಯವರೆಗೆ ನಮ್ಮ ತುಮಕೂರು ಬಸ್ಸುಗಳೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಬೇಕಿತ್ತು. ಗೊರಗುಂಟೆಪಾಳ್ಯದಲ್ಲಿ ಇಳಿದು ಹೆಬ್ಬಾಳದ ಕಡೆ ಹೋಗುವ ರಿಂಗ್ ರಸ್ತೆ ಬಸ್ ಹತ್ತಿದರೆ, ಅಲ್ಲಿ ಇನ್ನೊಂದು ಕಥೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ನಮ್ಮಂಥ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿಯಿತು, ನಿಜ. ಸೀಟು ಸಿಗಬೇಕಲ್ಲ! ಯಶವಂತಪುರದವರೆಗೆ ರೈಲೇ ವಾಸಿ, ಪಾಸ್ ಕೂಡ ಅಗ್ಗ. ಆದರೆ ಸಂಜೆ ಒಂದು ಮೀಟಿಂಗ್ ಉದ್ದವಾಯಿತು ಅಂದರೆ ರೈಲು ಕೈತಪ್ಪಿತು ಅಂತಲೇ ಅರ್ಥ.

ಮೇಲ್ ಬಂದ ಮೇಲೆ ನಮ್ಮ ಟೀಮಿನಲ್ಲಿ ಎರಡು ಬಣ ಆಯಿತು. ಪೂರ್ತಿ ಮನೆಯಿಂದಲೇ ಅನ್ನುವವರು ಒಂದು ಕಡೆ. ಬರೋದೇ ಆದರೆ ಎಲ್ಲರೂ ಬರಲಿ ಅನ್ನುವವರು ಇನ್ನೊಂದು ಕಡೆ. ಈ ಜಗಳದಲ್ಲಿ ಯಾರೂ ಕೆಲಸದ ಮಾತೇ ಎತ್ತುತ್ತಿರಲಿಲ್ಲ. ಅದಕ್ಕೇ ನಾನು ಒಂದು ತಿಂಗಳ ಕೆಲಸವನ್ನು ಕೂತು ವಿಂಗಡಿಸಿದೆ. ಯಾವುದಕ್ಕೆ ಪಕ್ಕದಲ್ಲಿ ಜನ ಬೇಕು, ಯಾವುದಕ್ಕೆ ಬಾಗಿಲು ಹಾಕಿಕೊಂಡು ಕೂರಬೇಕು ಅಂತ.

ಟೆಸ್ಟ್ ಕೇಸ್ (ಏನನ್ನು ಹೇಗೆ ಪರೀಕ್ಷಿಸಬೇಕು ಅನ್ನುವ ಪಟ್ಟಿ) ಬರೆಯುವುದು, ಪರೀಕ್ಷೆ ತಾನಾಗೇ ನಡೆಯುವಂತೆ ಮಾಡುವ ಆಟೊಮೇಶನ್ ಸ್ಕ್ರಿಪ್ಟ್, ವರದಿ, ಇವಕ್ಕೆಲ್ಲ ಮನೆಯೇ ಸರಿ. ರಿಲೀಸ್ ವಾರ, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಗೆ ಹೋಗುವ ವಾರ, ಮಾತ್ರ ಬೇರೆ. ಒಂದು ಬಗ್ (ಸಾಫ್ಟ್‌ವೇರಿನ ದೋಷ) ನಮ್ಮ ಲ್ಯಾಪ್‌ಟಾಪಿನಲ್ಲಿ ಬರುತ್ತದೆ, ಡೆವಲಪರ್ ಹತ್ತಿರ ಬರುವುದಿಲ್ಲ. ಮನೆಯಿಂದ ಆದರೆ ಸ್ಕ್ರೀನ್‌ಶಾಟ್ ಕಳಿಸು, ಲಾಗ್ ಕಳಿಸು, ಕಾಲ್‌ಗೆ ಬಾ ಅಂತ ಅರ್ಧ ದಿನ ಹೋಗುತ್ತದೆ. ಪಕ್ಕದಲ್ಲಿದ್ದರೆ ಅವನ ಕುರ್ಚಿ ಎಳೆದು ನನ್ನ ಸ್ಕ್ರೀನ್ ಮುಂದೆ ಕೂರಿಸಿದರಾಯಿತು. ಹೊಸದಾಗಿ ಸೇರಿದ ಹುಡುಗರ ವಿಷಯ ಇನ್ನೂ ಜಾಸ್ತಿ. ವಿಡಿಯೊ ಕಾಲ್‌ನಲ್ಲಿ "ಅರ್ಥ ಆಯ್ತು ಮೇಡಂ" ಅಂತಾರೆ. ಆಗಿದೆಯೋ ಇಲ್ಲವೋ ಮುಖ ನೋಡದೆ ಹೇಗೆ ಗೊತ್ತಾಗಬೇಕು? ಅದರಲ್ಲೂ ಕ್ಯಾಮೆರಾ ಆಫ್ ಇರುತ್ತದೆ.

ಇದನ್ನೆಲ್ಲ ಬರೆದುಕೊಂಡ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಕೆಲಸ ವಾರದ ಲೆಕ್ಕದಲ್ಲಿ ನಡೆಯುತ್ತಲೇ ಇಲ್ಲ. ತಿಂಗಳಿಗೊಂದು ರಿಲೀಸ್, ಅದರ ಸುತ್ತ ಉಳಿದದ್ದು. ವಾರಕ್ಕೆ ಮೂರು ದಿನ ಅಂದರೆ ನಾಲ್ಕು ವಾರಕ್ಕೆ 12 ದಿನ. ಆ 12 ದಿನ ನಾವು ಕೊಡುತ್ತೇವೆ, ಒಂದೂ ಕಡಿಮೆ ಬೇಡ. ಆದರೆ ರಿಲೀಸ್ ವಾರ ಐದೂ ದಿನ, ಅದರ ಹಿಂದಿನ ವಾರ ಮೂರು, ಉಳಿದ ಎರಡು ವಾರ ಎರಡೆರಡು. ಯಾವ ದಿನ ಅನ್ನೋದು ಹಿಂದಿನ ತಿಂಗಳೇ ಗೊತ್ತಿರಬೇಕು, ಮತ್ತು ಆ ದಿನ ಇಡೀ ಟೀಮ್ ಅಲ್ಲಿರಬೇಕು.

ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಎಚ್‌ಆರ್ ಕಾರ್ಡ್ ಸ್ವೈಪ್ ಎಣಿಸುವುದು ವಾರದ ಲೆಕ್ಕದಲ್ಲಿ, ನಿಮಗೊಂದು ರೂಲ್ ನಮಗೊಂದು ರೂಲ್ ಅಂತ ಬೇರೆ ಟೀಮ್‌ಗಳು ಕೇಳುತ್ತವೆ ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ನಾನು ಅವರಿಗೆ ಎರಡು ಅಧ್ಯಯನ ತೋರಿಸಿದೆ. ಎರಡೂ ಚೀನಾದ ಒಂದೇ ಟ್ರಾವೆಲ್ ಕಂಪನಿಯಲ್ಲಿ ನಡೆದವು. ಅದರ ಈಗಿನ ಹೆಸರು ಟ್ರಿಪ್.ಕಾಮ್. ಎರಡರಲ್ಲೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಇದ್ದಾರೆ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದರಲ್ಲಿ 1,612 ಜನರಿದ್ದರು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಮೂರನೇ ಒಂದು ಭಾಗ ಕಡಿಮೆಯಾಯಿತು. ಕೆಲಸದ ಮೌಲ್ಯಮಾಪನದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಳೆಯದು ಅದೇ ಕಂಪನಿಯ ಕಾಲ್ ಸೆಂಟರ್‌ನದು, 2015ರಲ್ಲಿ ಪ್ರಕಟವಾದದ್ದು. ಅಲ್ಲಿ ವಾರಕ್ಕೆ ನಾಲ್ಕು ದಿನ ಮನೆ. ಕೆಲಸ ನೂರಕ್ಕೆ 13ರಷ್ಟು ಜಾಸ್ತಿಯಾಯಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವುದು ಕಡಿಮೆಯಾಯಿತು. ಪ್ರಯೋಗ ಮುಗಿದ ಮೇಲೆ ಒಂಟಿತನ ಅಂತ ಹೇಳಿ ಆಫೀಸಿಗೆ ವಾಪಸ್ ಹೋದವರೂ ಬಹಳ ಜನ. ನಮ್ಮ ಕಡೆಗೆ ವಾಲುವುದನ್ನು ಮಾತ್ರ ತೋರಿಸಿದ್ದರೆ ಮ್ಯಾನೇಜರ್ ಒಂದೇ ನಿಮಿಷದಲ್ಲಿ ತಳ್ಳಿಹಾಕುತ್ತಿದ್ದರು. ಎರಡೂ ತೋರಿಸಿದ್ದಕ್ಕೆ ಕೂತು ಮಾತಾಡಿದರು.

ಕೊನೆಗೆ ಮೂರು ತಿಂಗಳು ನೋಡೋಣ ಅಂದರು. ಎಚ್‌ಆರ್‌ಗೆ ತಿಂಗಳ ಪಟ್ಟಿ ಮೊದಲೇ ಕೊಡಬೇಕು ಅನ್ನುವ ಷರತ್ತು. ಆ ಮೂರು ತಿಂಗಳು ಮುಗಿದು ಬಹಳ ಕಾಲವಾಯಿತು, ಯಾರೂ ನಿಲ್ಲಿಸಿ ಅಂದಿಲ್ಲ.

ರಿಲೀಸ್ ವಾರದಲ್ಲಿ ಜಾಲಹಳ್ಳಿಯಲ್ಲಿರುವ ನಮ್ಮಕ್ಕನ ಮನೆಯಲ್ಲಿ ಉಳಿಯುತ್ತೇನೆ. ಉಳಿದ ವಾರಗಳಲ್ಲಿ ರೈಲು. ವಿದೇಶದ ಕ್ಲೈಂಟ್ ಜತೆಗಿನ ಸಂಜೆ ಕಾಲ್‌ಗಳನ್ನು ಆದಷ್ಟೂ ಮನೆ ದಿನಗಳಿಗೆ ಹಾಕಿಸಿಕೊಂಡೆ. ಆಫೀಸಿಗೆ ಬಂದು ಎಲ್ಲರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಾಲ್‌ನಲ್ಲಿ ಕೂತರೆ ಅಲ್ಲಿಯವರೆಗೆ ಹೋಗಿದ್ದಾದರೂ ಯಾಕೆ, ಅಲ್ವಾ? ಸುಮ್ನೆ ಕಾರ್ಡ್ ತೋರಿಸಿ, ಕಾಫಿ ಕುಡಿದು, ಮಧ್ಯಾಹ್ನಕ್ಕೇ ಜಾಗ ಖಾಲಿ ಮಾಡುವವರು ಪಕ್ಕದ ಟೀಮ್‌ಗಳಲ್ಲಿ ಇದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ದಿನ ಎಣಿಸುವ ರೂಲ್ ಮಾಡಿದರೆ ಜನ ದಿನವನ್ನೇ ಕೊಡುತ್ತಾರೆ.

ಮನೆ ಕಡೆಯ ಏರ್ಪಾಡು ಇದಕ್ಕಿಂತ ಕಷ್ಟವಾಯಿತು. ಕರೆಂಟ್, ಇಂಟರ್ನೆಟ್ ಸುಲಭ: ರೂಟರ್‌ಗೆ ಅಂತಲೇ ಸಿಗುವ ಪುಟ್ಟ ಯುಪಿಎಸ್ ತಂದೆ. ಫೈಬರ್ ಲೈನ್ ಕೈಕೊಟ್ಟರೆ ಬೇರೆ ಕಂಪನಿಯ ಸಿಮ್‌ನಿಂದ ಹಾಟ್‌ಸ್ಪಾಟ್. ಒಂದು ಕ್ಷಣ ಕರೆಂಟ್ ಹೋಗಿ ಬಂದರೂ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಇರುವ ಸುರಕ್ಷಿತ ಸಂಪರ್ಕ) ಕಡಿದುಹೋಗುತ್ತದೆ, ಅದಕ್ಕೇ ಆ ಯುಪಿಎಸ್ ಬೇಕೇ ಬೇಕು. ಪೇಪರಿನಲ್ಲಿ "ವಿದ್ಯುತ್ ವ್ಯತ್ಯಯ" ಅಂತ ನಮ್ಮ ಬಡಾವಣೆ ಹೆಸರು ಬಂದಿದೆಯಾ ಅಂತ ಬೆಳಿಗ್ಗೆ ನಮ್ಮ ಮನೆಯವರು ನೋಡಿ ಹೇಳುತ್ತಾರೆ.

ಜನ ಮಾತ್ರ ಸುಲಭ ಅಲ್ಲ. "ಹೆಂಗಿದ್ರೂ ಮನೇಲೇ ಇದ್ದೀಯಲ್ಲಮ್ಮ, ಹಂಗೇ ಬ್ಯಾಂಕಿಗೆ ಹೋಗ್ಬಾ" ಅಂತ ನಮ್ಮತ್ತೆ. ಗ್ಯಾಸ್ ಬಂದರೆ ನಾನು, ಕೊರಿಯರ್ ಬಂದರೆ ನಾನು, ಮಗಳ ಸ್ಕೂಲ್ ವ್ಯಾನ್ ತಡವಾದರೆ ನಾನು. ನಮ್ಮ ಮನೆಯವರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅವರ ರೂಮಿನ ಬಾಗಿಲು ಯಾರೂ ತಟ್ಟುತ್ತಿರಲಿಲ್ಲ, ಅದನ್ನು ನಾನು ಒಂದು ದಿನ ಊಟಕ್ಕೆ ಕೂತಾಗ ಎಲ್ಲರ ಮುಂದೆಯೇ ಹೇಳಿದೆ. ಅತ್ತೆಗೆ ಸಿಟ್ಟು ಬಂತು, ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿ ಫ್ರಿಜ್ ಮೇಲೆ ತಿಂಗಳ ಪಟ್ಟಿ ಅಂಟಿಸಿಕೊಂಡರು. ಆಫೀಸ್ ದಿನಕ್ಕೆ ಕೆಂಪು, ಮನೆ ದಿನಕ್ಕೆ ನೀಲಿ. ನೀಲಿ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬಾಗಿಲು ಹಾಕಿರುತ್ತದೆ. ಆ ಹೊತ್ತಿನಲ್ಲಿ ಗ್ಯಾಸ್‌ನವರಿಗೆ ಅತ್ತೆಯೇ ದುಡ್ಡು ಕೊಟ್ಟು ಕಳಿಸುತ್ತಾರೆ.

ಪೂರ್ತಿ ಮನೆಯಿಂದಲೇ ಅನ್ನುವ ಗೆಳತಿಯರಿಗೆ ಇದು ಇಷ್ಟ ಆಗುವುದಿಲ್ಲ ಅಂತ ಗೊತ್ತು. ನಿಜ ಹೇಳಲಾ? ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಚಿಕ್ಕಬಾಣಾವರದವರೆಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅಷ್ಟು ಹೊತ್ತು ನನಗೆ ಮನೆಯಲ್ಲೂ ಸಿಗದು, ಆಫೀಸಿನಲ್ಲೂ ಸಿಗದು.

ಗುಬ್ಬಿಯಿಂದ ಓಡಾಡುವ ಒಬ್ಬ ಹುಡುಗ ಮೊನ್ನೆ ತನ್ನ ಟೀಮಿಗೂ ಹೀಗೇ ಕೇಳಬೇಕು, ಹೇಗೆ ಬರೆಯಲಿ ಅಂದ. ದೂರ, ಟ್ರಾಫಿಕ್, ವಯಸ್ಸಾದ ಅಪ್ಪ ಅಮ್ಮ ಅಂತ ಪುಟಗಟ್ಟಲೆ ಬರೆದಿದ್ದ. ಅದೆಲ್ಲ ಕೊನೆಯ ಎರಡು ಸಾಲಿಗೆ ಇಳಿಸಿ, ಮೇಲೆ ತಾರೀಖುಗಳ ಪಟ್ಟಿ ಹಾಕು ಅಂದೆ. ಯಾವ ದಿನ ಯಾರು ಬರುತ್ತಾರೆ, ಆ ದಿನ ಯಾವ ಕೆಲಸ ಮುಗಿಯುತ್ತದೆ ಅನ್ನೋದು ಮೊದಲು ಇರಲಿ. ನಮ್ಮ ಮುಂದಿನ ಪಟ್ಟಿಯೂ ಈ ವಾರವೇ ಹೋಗಬೇಕು. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಇದೆ, ಕ್ಯಾತ್ಸಂದ್ರದ ಹತ್ತಿರ ರಸ್ತೆ ತುಂಬಿರುತ್ತದೆ. ಆ ವಾರಕ್ಕೆ ರಿಲೀಸ್ ಇಡಬೇಡಿ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.