ಮಗಳಿಗೆ ಅಲರ್ಜಿ ಟೆಸ್ಟ್ ಮಾಡಿಸಿದ ನನ್ನ ಅನುಭವ

ಮಗಳಿಗೆ ಚರ್ಮದ ಅಲರ್ಜಿ ಟೆಸ್ಟ್ ಅಂದಾಗ ನನಗೆ ಸೂಜಿಯದ್ದೇ ಚಿಂತೆ. ಆದರೆ ಚುಚ್ಚುವುದು ಅದರಲ್ಲಿ ತೀರಾ ಚಿಕ್ಕ ಕೆಲಸ. ಮುಂಚಿನ ತಯಾರಿ, ಆಮೇಲೆ ರಿಸಲ್ಟನ್ನು ಸರಿಯಾಗಿ ತಿಳಿದುಕೊಳ್ಳುವುದು, ಮುಖ್ಯ ಇವೆರಡೇ.

ಸೆಟಿರಿಜಿನ್ ತರದ ಅಲರ್ಜಿ ಔಷಧಿಗಳನ್ನು ಸುಮಾರು ಒಂದು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಅವು ಮೈಯಲ್ಲಿದ್ದರೆ ಟೆಸ್ಟಿನಲ್ಲಿ ಚುಚ್ಚಿದ ಕಡೆ ಏಳಬೇಕಾದ ಗುಳ್ಳೆ ಸರಿಯಾಗಿ ಏಳುವುದಿಲ್ಲ. ಎಷ್ಟೋ ನೆಗಡಿ ಸಿರಪ್‌ಗಳಲ್ಲೂ ಇದೇ ಜಾತಿಯ ಔಷಧಿ ಇರುತ್ತದೆ, ಹಾಗಾಗಿ ಮನೆಯಲ್ಲಿದ್ದ ಬಾಟಲಿಗಳ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿಯೇ ಕೇಳಿಕೊಂಡೆ. ಉಬ್ಬಸದ ಇನ್‌ಹೇಲರ್ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಇನ್ನೊಂದು, ಏನು ತಿಂದಳು, ಎಷ್ಟು ತಿಂದಳು, ಎಷ್ಟು ಹೊತ್ತಿಗೆ ದದ್ದು ಎದ್ದಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಯಾವ್ಯಾವುದಕ್ಕೆ ಟೆಸ್ಟ್ ಮಾಡಬೇಕು ಅಂತ ತೀರ್ಮಾನವಾಗಿದ್ದು ಆ ಹಾಳೆ ನೋಡಿಯೇ.

ಮೊಣಕೈ ಕೆಳಗೆ ಒಳಭಾಗದಲ್ಲಿ ಪೆನ್ನಿನಿಂದ ಸಾಲಾಗಿ ಗುರುತು ಹಾಕಿದರು. ಒಂದೊಂದರ ಪಕ್ಕ ಟೆಸ್ಟ್ ಮಾಡಬೇಕಾದ ಒಂದೊಂದು ಪದಾರ್ಥದ ಸಾರದ ಹನಿ, ಜೊತೆಗೆ ಹೋಲಿಸಿ ನೋಡೋಕೆ ಹಿಸ್ಟಮಿನ್ ಮತ್ತು ಉಪ್ಪುನೀರಿನ ಹನಿ ಬಿಟ್ಟು, ಹನಿಯ ಮೇಲಿಂದಲೇ ಪುಟ್ಟ ಮೊನೆಯಿಂದ ಚರ್ಮವನ್ನು ಮೆಲ್ಲಗೆ ಚುಚ್ಚಿದರು. ನೋವೇ ಆಗಲ್ಲ ಅಂತ ನಾನು ಅವಳಿಗೆ ಹೇಳಿರಲಿಲ್ಲ. ಉಗುರಲ್ಲಿ ಒತ್ತಿದ ಹಾಗಾಗುತ್ತೆ ಅಂದಿದ್ದೆ, ಅಷ್ಟೇ ಆಯಿತು.

ಕಷ್ಟ ಇದ್ದಿದ್ದು ಆಮೇಲಿನ 15-20 ನಿಮಿಷ. ತುರಿಕೆ ಬರುತ್ತೆ, ಆದರೆ ಕೆರೆಯೋ ಹಾಗಿಲ್ಲ. ಮೊದಲು ಕೆಂಪಾಗಿ ಉಬ್ಬಿದ್ದು ಹಿಸ್ಟಮಿನ್ (ಅಲರ್ಜಿಯಾದಾಗ ಮೈಯಲ್ಲೇ ಹೊರಬಂದು ತುರಿಕೆ ತರುವ ವಸ್ತು) ಹನಿ ಹಾಕಿದ ಜಾಗ. ಅದು ಉಬ್ಬಲೇಬೇಕು, ಉಬ್ಬದಿದ್ದರೆ ಟೆಸ್ಟನ್ನೇ ನಂಬುವ ಹಾಗಿಲ್ಲ. ಉಪ್ಪುನೀರಿನ ಹನಿ ಬಿದ್ದ ಕಡೆ ಏನೂ ಏಳಬಾರದು. "ಅಮ್ಮಾ, ಇದು ದೊಡ್ಡದಾಗ್ತಿದೆ ನೋಡು" ಅಂತ ಅವಳೇ ತೋರಿಸುತ್ತಿದ್ದಳು, ಕೆರೆಯೋಕೆ ಬರುತ್ತಿದ್ದ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೇ ಕೂತಿದ್ದೆ. ಕೊನೆಗೆ ನರ್ಸ್ ಸ್ಕೇಲ್ ಇಟ್ಟು ಅಳೆದರು. ಉಪ್ಪುನೀರಿನ ಜಾಗಕ್ಕೆ ಹೋಲಿಸಿ 3 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಉಬ್ಬಿದ್ದರೆ ಪಾಸಿಟಿವ್ ಅಂತ ಲೆಕ್ಕ.

ಇಲ್ಲೇ ತುಂಬಾ ಜನ ಗಾಬರಿಯಾಗುವುದು. ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಆ ತಿಂಡಿ ಮಗುವಿಗೆ ಆಗಲ್ಲ ಅಂತಲ್ಲ. ನನ್ನ ಮಗಳಿಗೆ ಮೊಟ್ಟೆಗೂ ಗುಳ್ಳೆ ಎದ್ದಿತ್ತು, ಆದರೆ ದಿನಾ ಮೊಟ್ಟೆ ತಿಂದು ಆರಾಮಾಗಿದ್ದಾಳಲ್ವಾ, ಹಾಗಾಗಿ ಡಾಕ್ಟರು ನಿಲ್ಲಿಸಬೇಡಿ, ತಿನ್ನಿಸುತ್ತಲೇ ಇರಿ ಅಂದರು. ಕಡಲೆಕಾಯಿಗೆ ಮಾತ್ರ ಟೆಸ್ಟೂ ಹಾಳೆಯಲ್ಲಿ ಬರೆದಿದ್ದೂ ಎರಡೂ ತಾಳೆಯಾಯಿತು, ಅದನ್ನು ಬಿಡಿಸಿದೆವು. ಗುಳ್ಳೆ ದೊಡ್ಡದಿದ್ದರೆ ರಿಯಾಕ್ಷನ್ನೂ ಜೋರಾಗಿರುತ್ತೆ ಅನ್ನೋದೂ ನಿಜವಲ್ಲ. ಸುಮ್ನೆ ರಿಪೋರ್ಟ್ ನೋಡಿಕೊಂಡು ಹಾಲು, ಗೋಧಿ ಎಲ್ಲಾ ಬಿಡಿಸಿದರೆ ಬೆಳೆಯೋ ಮಗುವಿಗೇ ನಷ್ಟ.

ಅನುಮಾನ ಉಳಿದರೆ ಆ ಆಹಾರವನ್ನು ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡುತ್ತಾರೆ. ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಮತ್ತೆ ಡಾಕ್ಟರ ರೂಮಿಂದ ಏಳುವ ಮುಂಚೆ ಏನು ಬಿಡಿಸಬೇಕು, ಏನು ಮುಂದುವರಿಸಬೇಕು, ತಪ್ಪಿ ತಿಂದರೆ ಏನು ಮಾಡಬೇಕು, ಈ ಮೂರನ್ನೂ ಬರೆಸಿಕೊಂಡೇ ಬನ್ನಿ.