ಮೀಟಿಂಗಲ್ಲಿ ಬಾಯಿ ಬಿಡದವರ ಮಾತು ಕೇಳುವುದು ಹೇಗೆ?

ಬೆಂಗಳೂರಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಟೀಮು ನಮ್ಮದು. ಒಂಬತ್ತು ಜನ, ಆರು ಭಾಷೆ. ರಾಯಚೂರು ಕಡೆಯ ಸಹೋದ್ಯೋಗಿಯೊಬ್ಬರು ಸೇರಿ ಮೂರು ತಿಂಗಳಾದರೂ ಮೀಟಿಂಗಿನಲ್ಲಿ ತುಟಿ ಬಿಚ್ಚಿರಲಿಲ್ಲ. ‘ತುಂಬಾ ಸೈಲೆಂಟು, ಕಾನ್ಫಿಡೆನ್ಸ್ ಕಮ್ಮಿ’ ಅಂತ ಅಪ್ರೈಸಲ್‌ನಲ್ಲಿ, ಅಂದರೆ ಕೆಲಸದ ಮೌಲ್ಯಮಾಪನದಲ್ಲಿ, ಬರೆದವನು ನಾನೇ.

ಒಂದು ದಿನ ಅವರು ನನ್ನ ಪಕ್ಕ ಕೂತಿದ್ದರು. ನಾವೆಲ್ಲ ಇಪ್ಪತ್ತು ನಿಮಿಷ ಗುದ್ದಾಡಿ ಹಿಡಿದ ತಪ್ಪು ಅವರ ನೋಟ್‌ಬುಕ್ಕಿನ ಅಂಚಿನಲ್ಲಿ ಆಗಲೇ ಇತ್ತು. ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ: ‘ವಾಪಸ್ ಬಂದ ಬಿಲ್ಲಿಗೂ ಜಿಎಸ್‌ಟಿ ಕೂಡ್ತಿದೆ.’ ಅವರು ಇಂಗ್ಲಿಷ್ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ನಾವು ಮುಂದಿನ ವಿಷಯಕ್ಕೆ ಹಾರಿರುತ್ತಿದ್ದೆವು.

ಆಮೇಲೆ ನಾನು ಕಲಿತದ್ದು ಇಷ್ಟು.

ಮೊದಲು ಎಣಿಸಿ. ಒಂದು ವಾರ, ಮಾತಾಡಿದವರ ಹೆಸರಿನ ಮುಂದೆ ಒಂದೊಂದು ಗೀಟು ಹಾಕಿ. ನಿಮ್ಮ ಹೆಸರನ್ನೂ ಸೇರಿಸಿ. ನನ್ನ ಹೆಸರಿನ ಮುಂದೆಯೇ ಗೀಟು ಜಾಸ್ತಿ ಇದ್ದವು.

ಎರಡನೆಯದು, ಮೀಟಿಂಗಿನ ಕ್ರಮ ಬದಲಿಸಿ. ವಿಷಯವನ್ನು ಹಿಂದಿನ ದಿನವೇ ಎರಡು ಸಾಲಲ್ಲಿ ಕಳಿಸಿ. ಶುರುವಿನ ಎರಡು ನಿಮಿಷ ಯಾರೂ ಮಾತಾಡಬಾರದು, ಎಲ್ಲರೂ ಬರೆಯಬೇಕು. ಆಮೇಲೆ ಹೊಸಬರಿಂದ ಶುರು. ಲೀಡ್, ಅಂದರೆ ಟೀಮಿನ ಮುಖ್ಯಸ್ಥರು, ಕೊನೆಗೆ. ಸಾಹೇಬರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರಿಗೆ ತಲೆಯಾಡಿಸುವುದಷ್ಟೇ ಕೆಲಸ, ಅಲ್ವಾ? ಯಾರಾದರೂ ಮಧ್ಯೆ ಬಾಯಿ ಹಾಕಿದರೆ ‘ಅವರದು ಮುಗೀಲಿ’ ಅಂದರೆ ಸಾಕು. ಆದರೆ ಸುಮ್ನೆ ಕೂತವರನ್ನು ‘ಏನಮ್ಮಾ, ನೀನೂ ಏನಾದ್ರೂ ಹೇಳು’ ಅಂತ ಎಲ್ಲರೆದುರು ಎಬ್ಬಿಸಬೇಡಿ. ಅದು ಕ್ಲಾಸಿನಲ್ಲಿ ನಿಲ್ಲಿಸಿ ಮಗ್ಗಿ ಒಪ್ಪಿಸು ಅಂದ ಹಾಗೆ.

ಭಾಷೆಯ ಗೇಟು ತೆಗೆಯಿರಿ. ಕನ್ನಡದಲ್ಲೋ ಹಿಂದಿಯಲ್ಲೋ ಹೇಳಲಿ, ಗೊತ್ತಿದ್ದವರು ಇಂಗ್ಲಿಷಿಗೆ ದಾಟಿಸಲಿ. ಇದು ನಮಗೂ ಅನ್ವಯ. ಊಟದ ಟೇಬಲ್ಲಿನಲ್ಲಿ ನಾಲ್ಕು ಜನ ಕನ್ನಡದವರು ಬಿದ್ದು ಬಿದ್ದು ನಗುವಾಗ ಒಡಿಶಾದವರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಆ ಜೋಕನ್ನು ಅವರಿಗೂ ಹೇಳಿ. ಇಂಗ್ಲಿಷಿನಲ್ಲಿ ಸಪ್ಪೆ ಆಗುತ್ತದೆ, ಪರವಾಗಿಲ್ಲ.

‘ಪೂರ್ತಿ ಹೆಸರೇನು?’ ‘ನೀವು ವೆಜ್ಜಾ?’ ‘ಮನೆದೇವ್ರು ಯಾವ್ದು?’ ಕೇಳುವವರಿಗೆ ಇದು ಕುಶಲೋಪರಿ. ಉತ್ತರ ಕೊಡಬೇಕಾದವರಿಗೆ ಜಾತಿಯ ತಪಾಸಣೆ. ಲೀಡ್ ಆದವರು ಇದನ್ನು ಕೇಳಲೇಬಾರದು. ಬೇರೆಯವರು ಕೇಳಿದರೆ ಅಲ್ಲೇ ಮಾತು ತಿರುಗಿಸಿ, ಆಮೇಲೆ ಅವರನ್ನು ಟೀ ಕುಡಿಯಲು ಕರೆದುಕೊಂಡು ಹೋಗಿ ನೇರವಾಗಿ ಹೇಳಿ. ಇದು ಕಷ್ಟದ ಮಾತು, ಮುಂದೂಡಬೇಡಿ.

ಆಯುಧಪೂಜೆಯ ರಂಗೋಲಿ, ಬರ್ತ್‌ಡೇ ಕೇಕು, ಮೀಟಿಂಗಿನ ಮಿನಿಟ್ಸು ಯಾರ ತಲೆಗೆ ಬೀಳುತ್ತವೆ ನೋಡಿ. ಸರದಿ ಹಾಕಿ. ನಮ್ಮಲ್ಲಿ ಹೋದ ಸಲ ರಂಗೋಲಿ ಹಾಕಿದ್ದು ಇಬ್ಬರು ಗಂಡಸರು. ಸೊಟ್ಟಗಿತ್ತು, ಆದರೂ ಎಲ್ಲರೂ ಫೋಟೊ ತೆಗೆದುಕೊಂಡರು.

ಕೆಲವು ವಿಷಯ ನಿಮ್ಮ ಒಳ್ಳೆಯತನಕ್ಕೆ ಬಿಟ್ಟದ್ದಲ್ಲ, ಕಾನೂನು. ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಜನರಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. 50 ಅಥವಾ ಹೆಚ್ಚು ಜನರಿದ್ದರೆ ಶಿಶುಪಾಲನಾ ಕೊಠಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಎಷ್ಟೋ ಕಣ್ಣಿಗೆ ಕಾಣುವಂಥವಲ್ಲ. ಹಾಗಾಗಿ ಊಹಿಸಬೇಡಿ, ‘ಕೆಲಸ ಸಲೀಸಾಗಲು ಏನು ಬೇಕು?’ ಅಂತ ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿ. ಕಿವಿ ಸರಿಯಾಗಿ ಕೇಳದವರಿಗೆ ವಿಡಿಯೊ ಕಾಲ್‌ನಲ್ಲಿ ಕ್ಯಾಪ್ಷನ್ ಹಾಕಿದರೂ ದೊಡ್ಡ ಉಪಕಾರ.

ಕೊನೆಗೆ ಅಪ್ರೈಸಲ್. ‘ಕಮ್ಯುನಿಕೇಷನ್’ ಕಾಲಂನಲ್ಲಿ ಮಾರ್ಕ್ಸ್ ಕೊಡುತ್ತಿರುವುದು ಕೆಲಸಕ್ಕಾ, ಇಂಗ್ಲಿಷ್ ಉಚ್ಚಾರಣೆಗಾ ನೋಡಿಕೊಳ್ಳಿ. ನಾನು ಎಚ್‌ಆರ್‌ಗೆ ಮೇಲ್ ಹಾಕಿ ನನ್ನ ಹಳೆಯ ಸಾಲು ತೆಗೆಸಿದೆ. ಆ ಜಾಗದಲ್ಲಿ ಬರೆದದ್ದು: ‘ಜಿಎಸ್‌ಟಿ ತಪ್ಪನ್ನು ಮೊದಲು ಹಿಡಿದವರು ಇವರು.’